ಹೆಸರಿಗೊಂದು ಎಲೆ

ತುಂಗಭದ್ರೆಯ ದಡದಲ್ಲಿ ಕೊಟ್ರಯ್ಯ ಗುರುಗಳ ಆಶ್ರಮ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಲ್ಲಿ ಮಂತ್ರಕ್ಕಿಂತ ಮಣ್ಣಿನ ಗಡಿಗೆಗಳೇ ಹೆಚ್ಚು, ಏಕೆಂದರೆ ಅಜ್ಜಾರಿಗೆ ಯಾವಾಗಲೂ ಕುಡಿಯುವ ನೀರಿನದೇ ಧ್ಯಾನ.

ಅವರ ಶಿಷ್ಯೆ ಹಂಪಮ್ಮ. ಚಿಲ್ಲದ ಬೀಜ ತೇಯ್ದು ಹಾಕಿದರೆ ಕದಡಿದ ನೀರು ತಿಳಿಯಾಗುತ್ತದೆ ಎಂಬುದು ದಂಡೆಯ ಜನಕ್ಕೆ ಹೊಸ ಸುದ್ದಿಯೇನಲ್ಲ. ಯಾವ ನೀರಿಗೆ ಎಷ್ಟು ಬೀಜ, ಎಷ್ಟು ಹೊತ್ತು ಎಂದು ಅವಳು ಎರಡು ಮಳೆಗಾಲ ಗಡಿಗೆಗಳ ಮುಂದೆ ಕೂತು ಪರೀಕ್ಷೆ ಮಾಡಿದ್ದಳು. ಕಂಡದ್ದನ್ನು ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ್ದಳು.

ಒಂದನ್ನು ಮಾತ್ರ ಬರೆದಿರಲಿಲ್ಲ. ಮೊದಲ ಮಳೆಗೆ ನದಿಗೆ ನುಗ್ಗುವ ಕೆಂಪು ಹೊಸನೀರು ಅವಳ ಗಡಿಗೆಯಲ್ಲಿ ಮಾರನೆಯ ಬೆಳಿಗ್ಗೆಯ ಹೊತ್ತಿಗೆ ತಿಳಿಯಾಗಿತ್ತು. ಆದರೆ ಹೊಸನೀರು ಈ ಬೀಜಕ್ಕೆ ಬಗ್ಗುವುದಿಲ್ಲ ಎಂದು ದೊಡ್ಡ ದೊಡ್ಡವರೆಲ್ಲ ಬರೆದಿದ್ದರು. ತನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡು ಅವಳು ಆ ಭಾಗವನ್ನು ಕಿತ್ತುಹಾಕಿ ದೊಡ್ಡವರ ಮಾತನ್ನೇ ಬರೆದಳು.

ಕಿತ್ತುಹಾಕಿದ ದಿನ ಅತ್ತಿದ್ದಳು. ದಂಡೆಯ ಊರುಗಳಲ್ಲಿ ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗುವುದು ಆ ಕೆಂಪು ನೀರಿನ ದಿನಗಳಲ್ಲೇ.

ಪತ್ರಿಕೆಯವರು ಲೇಖನವನ್ನು ವಾಪಸು ಕಳಿಸಿದರು. ಬರಹ ಚೆನ್ನಾಗಿದೆ, ಆದರೆ ಕೊನೆಯ ಉಲ್ಲೇಖಪಟ್ಟಿ ನಮ್ಮ ಕ್ರಮದಲ್ಲಿಲ್ಲ, ತಿಂಗಳೊಳಗೆ ಸರಿಮಾಡಿ ಕಳಿಸಿ ಎಂದಿದ್ದರು.

ಹಂಪಮ್ಮ ಲ್ಯಾಪ್‌ಟಾಪ್ ಮುಂದೆ ಕೂತಳು. ಮನೆತನದ ಹೆಸರು ಮೊದಲು, ಇನಿಷಿಯಲ್ ಆಮೇಲೆ, ವರ್ಷಕ್ಕೆ ಕಂಸ, ಪತ್ರಿಕೆಯ ಹೆಸರಿಗೆ ಓರೆ ಅಕ್ಷರ. ಒಂದು ಅಲ್ಪವಿರಾಮದ ಸಲುವಾಗಿ ಊಟ ಬಿಟ್ಟದ್ದೂ ಉಂಟು. ಆ ಅಲ್ಪವಿರಾಮಕ್ಕೆ ಇದು ಗೊತ್ತೇ ಆಗಲಿಲ್ಲ, ಪಾಪ.

ಪಟ್ಟಿ ಮುಗಿದಾಗ ಅವಳು ಅದನ್ನು ಅಜ್ಜಾರ ಮುಂದೆ ಹಿಡಿದಳು.

"ನೋಡ್ರಿ ಅಜ್ಜಾರ. ಒಂದು ಚುಕ್ಕಿ ತಪ್ಪಿಲ್ಲ."

ಅಜ್ಜಾರು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಭಾಳ ಮಂದಿನ್ನ ಕರದೀಯವ್ವ. ಎಲಿ ಹಾಕು."

"ಯಾರಿಗ್ರಿ?"

"ಇವರಿಗೆ. ಹೆಸರಿಗೊಂದು."

ಆಶ್ರಮದಲ್ಲೊಂದು ಪದ್ಧತಿ ಇತ್ತು. ಊಟಕ್ಕೆ ಯಾರನ್ನಾದರೂ ಕರೆತಂದವರು ಅವರ ಎಲೆಯ ಪಕ್ಕ ನಿಂತು, ಇವರು ಇಂಥವರು, ಇಂಥ ಊರು, ಇಂಥ ಕೆಲಸ ಎಂದು ಹೇಳಬೇಕು. ಆಮೇಲೆಯೇ ಬಡಿಸುವುದು. ಹಸಿದವರು ಈ ಪದ್ಧತಿಯನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದರು.

ಹಂಪಮ್ಮ ತೋಟದಿಂದ ಬಾಳೆ ಎಲೆ ಕೊಯ್ದು ತಂದು ಪಡಸಾಲೆಯ ಉದ್ದಕ್ಕೂ ಹಾಸಿದಳು. ಎಲ್ಲ ಎಲೆಯ ಕುಡಿಯೂ ಎಡಕ್ಕೆ. ದಾರ ಹಿಡಿದು ಹಾಕಿದಂಥ ಸಾಲು.

"ಎಲಿ ಹಾಕೂದರಾಗ ನಿನ್ನ ಮೀರಿಸೋರಿಲ್ಲ," ಎಂದರು ಅಜ್ಜಾರು. "ಈಗ ಪರಿಚಯ ಮಾಡು."

ಅವಳಿಗೆ ನಗು ಬಂತು. ಆದರೂ ಮೊದಲ ಎಲೆಯ ಪಕ್ಕ ನಿಂತಳು.

"ಇವರು ಬೀಜದ ಸಿಪ್ಪಿ ಸುಲಿದು ನೋಡಿದವರು. ಸಿಪ್ಪಿ ಇದ್ದರ ನೀರು ಒಗರಾಗ್ತೈತಿ ಅಂತ ಹೇಳ್ಯಾರ."

"ಓದೀಯೇನು?"

"ಎರಡು ಸಲ ಓದೀನ್ರಿ."

"ಬಡಸು. ಮುಂದ?"

ಸಾಲು ಸರಾಗವಾಗಿ ಸಾಗಿತು. ಒಬ್ಬರು ಬಾವಿನೀರಿನವರು, ಒಬ್ಬರು ಕೆರೆನೀರಿನವರು, ಒಬ್ಬರ ಪರೀಕ್ಷೆ ಅರ್ಧಕ್ಕೇ ನಿಂತದ್ದು. ಹೇಳುತ್ತಾ ಹೇಳುತ್ತಾ ಹಂಪಮ್ಮನಿಗೆ ಉತ್ಸಾಹ ಬಂತು. ಕಾಣದ ನೆಂಟರೆಲ್ಲ ನಿಜಕ್ಕೂ ಬಂದು ಕೂತಂತೆ ಅನಿಸಿತು.

ಒಂದು ಎಲೆಯ ಬಳಿ ಅವಳ ಮಾತು ತಡವರಿಸಿತು.

"ಇವರು ವೆಂಕೋಬರಾಯರು. ಭಾಳ ಹಳಬರು. ಹೊಸನೀರು ತಿಳಿಯಾಗೂದಿಲ್ಲ ಅಂತ ಹೇಳ್ಯಾರ."

"ಓದೀಯೇನು?"

ಹಂಪಮ್ಮ ನೆಲ ನೋಡಿದಳು.

"ಇಲ್ರಿ. ಮುಂದಿನ ಎಲಿಯವರು ಇವರ ಹೆಸರು ಹಾಕ್ಯಾರ. ನಾನು ಅಲ್ಲಿಂದ ತಗೊಂಡೆ."

"ಅವರು ಓದ್ಯಾರೇನು?"

"ಅವರು ಆಚೀ ಎಲಿಯವರಿಂದ ತಗೊಂಡಂಗ ಕಾಣತೈತ್ರಿ. ಪುಟದ ಸಂಖ್ಯೆನೂ ಎಲ್ಲರದೂ ಒಂದೇ ಐತಿ. ಎಲ್ಲರೂ ಇವರನ್ನ ಕರೀತಾರ್ರೀ ಅಜ್ಜಾರ."

"ಹಂಗಾರ ಇವರ ಮನಿಗೆ ಹೋದವರು ಯಾರು?"

ಅಜ್ಜಾರು ಬಾಗಿ ಆ ಒಂದು ಎಲೆಯನ್ನು ಎತ್ತಿ, ನೀರು ಒರೆಸಿ, ಸುರುಳಿ ಸುತ್ತಿ ಅವಳ ಕೈಗಿಟ್ಟರು. ಉಳಿದ ಎಲೆಗಳ ಮುಂದೆ ತೋಟದ ಕೆಲಸದವರನ್ನು ಕೂರಿಸಿ ಬಡಿಸಿದರು.

ಮರುದಿನ ಹಂಪಮ್ಮ ಬಸ್ಸು ಹತ್ತಿದಳು. ಪೇಟೆಯ ಕಾಲೇಜಿನ ಲೈಬ್ರರಿಯಲ್ಲಿ ಎಲ್ಲರೂ ಕೊಟ್ಟಿದ್ದ ಪುಟದಲ್ಲಿ ಬೆಲ್ಲದ ಪಾಕದ ಮೇಲೊಂದು ಲೇಖನವಿತ್ತು. ಇಷ್ಟು ಜನ ಅಲ್ಪವಿರಾಮ ತಪ್ಪದಂತೆ ಬರೆದದ್ದು ಬೆಲ್ಲದ ವಿಳಾಸವನ್ನು!

ಅವಳು ಅಷ್ಟಕ್ಕೇ ವಾಪಸು ಬರಲಿಲ್ಲ. ಅಟ್ಟದ ಮೇಲಿನ ಧೂಳಿನ ಸಂಪುಟಗಳನ್ನು ಒಂದೊಂದಾಗಿ ಇಳಿಸಿದಳು. ಸೀನಿ ಸೀನಿ ಸಾಕಾಗುವ ಹೊತ್ತಿಗೆ ವೆಂಕೋಬರಾಯರು ಸಿಕ್ಕರು. ನಾಲ್ಕೇ ಪುಟದ ಲೇಖನ.

ಕೊನೆಯ ಪುಟದಲ್ಲಿ ಅವರು ಬರೆದಿದ್ದರು: "ಹೊಸನೀರು ಸಂಜೆಯವರೆಗೆ ತಿಳಿಯಾಗಲಿಲ್ಲ. ಬೆಳಗಿನವರೆಗೆ ಕಾದಿದ್ದರೆ ಆಗುತ್ತಿತ್ತೇನೋ. ರಾತ್ರಿ ಪ್ರವಾಹ ಬಂದು ನಮ್ಮ ಗಡಿಗೆಗಳು ಕೊಚ್ಚಿಹೋದವು. ಮುಂದೆ ಯಾರಾದರೂ ಕಾದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ."

ಹಂಪಮ್ಮ ಪುಸ್ತಕದ ಮೇಲೆ ಕೈಯಿಟ್ಟು ಕೂತುಬಿಟ್ಟಳು. ತಾನು ಹುಟ್ಟುವುದಕ್ಕೂ ಎಷ್ಟೋ ಮುಂಚೆ ಒಬ್ಬ ಮನುಷ್ಯ ತನ್ನನ್ನೇ ಕೇಳಿಕೊಂಡಿದ್ದ. ತಾನು ಕಾದೂ ಇದ್ದಳು, ನೋಡಿಯೂ ಇದ್ದಳು. ನೋಡಿದ್ದನ್ನು ಕಿತ್ತೆಸೆದದ್ದು ಅವನ ಹೆಸರಿನಲ್ಲೇ. ಅವಳಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಆಶ್ರಮಕ್ಕೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಜ್ಜಾರಿಗೆ ಎಲ್ಲವನ್ನೂ ಹೇಳಿದಳು. ಆಮೇಲೆ ಕೆಂಪು ನೀರಿನ ಭಾಗವನ್ನು ಲೇಖನಕ್ಕೆ ಮರಳಿ ಸೇರಿಸಿ, ಪಟ್ಟಿಯ ಒಬ್ಬೊಬ್ಬರನ್ನೂ ಮತ್ತೆ ತೆರೆದು ಓದಿದಳು. ತಿಂಗಳು ಮುಗಿಯುವ ಮೊದಲೇ ಲೇಖನ ಸಿದ್ಧವಾಯಿತು.

ಕಳಿಸುವ ದಿನ ಅವಳು ಕೇಳಿದಳು.

"ಅಜ್ಜಾರ, ವೆಂಕೋಬರಾಯರ ಮಾತು ತಿರುವಿ ಬರದವರನ್ನ ಪಟ್ಟಿಯಿಂದ ತಗದುಬಿಡ್ಲೇನ್ರಿ?"

"ಪಂಕ್ತಿಗೆ ಕುಂತವರನ್ನ ಎಬ್ಬಸ್ತಾರೇನು? ಅವರು ಏನಂದ್ರು, ಎಲ್ಲಿ ತಪ್ಪಿದ್ರು, ಸಮಾಧಾನದಿಂದ ಹೇಳು. ನೀನೂ ಅವರ ಸಾಲಿನಾಗ ಇದ್ದಾಕಿನ."

ಹಂಪಮ್ಮ ತಲೆಯಾಡಿಸಿದಳು.

ಊಟದ ಹೊತ್ತಾಗಿತ್ತು. ಅಜ್ಜಾರು ತಾವೇ ಒಂದು ಎಲೆ ತಂದು ಸಾಲಿನ ಕೊನೆಗೆ ಹಾಸಿದರು. ಅದು ಸ್ವಲ್ಪ ಸೊಟ್ಟಗಿತ್ತು. ಅವಳು ನೇರ ಮಾಡಲು ಕೈ ಚಾಚಿದವಳು ನಡುವೆಯೇ ಕೈ ಹಿಂತೆಗೆದಳು.

"ಇದು ಯಾರಿಗ್ರಿ ಅಜ್ಜಾರ?"

"ನಿನಗ. ನಾಳೆ ನಿನ್ನ ಹೆಸರೂ ಯಾರದೋ ಪಟ್ಟಿಯಾಗ ಬರತೈತಿ. ಹತ್ತು ಮಂದಿ ನಿನ್ನ ನೋಡದನ ಕರೀತಾರ, ಕರೀಲಿ. ಒಬ್ಬರು ಮಾತ್ರ ಹುಡುಕ್ಕೊಂತ ನಿನ್ನ ಮನಿಮಟ ಬರ್ತಾರ. ಅವತ್ತು ಬಾಗಿಲು ತಗದಿರಲಿ."