ಬೀಗ ಕಾಯುತ್ತಿದ್ದ ಮನೆ

ಬಟ್ಟಬಯಲಿನ ನಡುವೆ ಬಿಟ್ಟುಹೋದ ಮನೆಯೊಂದರ ಬಾಗಿಲಲ್ಲಿ ಬೀಗವೊಂದು ಅರೆನಿದ್ದೆಯಲ್ಲಿ ಜೋತುಬಿದ್ದಿತ್ತು. ಕುರಿ ಕಾಯುವ ದ್ಯಾಮವ್ವ ಬಿಸಿಲಿಗೆ ಸೋತ ಮರಿಯನ್ನು ಎತ್ತಿಕೊಂಡು ಬಂದು ನೆರಳು ಬೇಡಿದಳು.

"ಯಜಮಾನರ ಅಪ್ಪಣೆಯಿಲ್ಲದೆ ಯಾರನ್ನೂ ಒಳಗೆ ಬಿಡಲಾರೆ," ಎಂದಿತು ಬೀಗ.

"ಭಾರಿ ನಿಯತ್ತಪ್ಪ ನಿನಗೆ!" ಎಂದು ನಕ್ಕು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಕೆ ಮನೆಯ ಹಿಂದಕ್ಕೆ ನಡೆದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮರಿಯ ಕೂಗು ಕೇಳಿ ಬೀಗ ಬೆಚ್ಚಿತು.

"ಯಾರದು ಒಳಗೆ?"

ನಡುಮನೆಯಲ್ಲಿ ಬೆಳೆದಿದ್ದ ಬೇವಿನಮರ ಹೇಳಿತು: "ಅಣ್ಣಾ, ಹಿಂದಿನ ಗೋಡೆ ಬಿದ್ದು ಎಷ್ಟೋ ಮಳೆಗಾಲವಾಯಿತು. ಆ ತಾಯಿ ಅಲ್ಲಿಂದ ಬಂದಳು. ನನ್ನ ನೆರಳಿನಲ್ಲಿ ಮರಿ ಉಳಿಯಿತು."

"ಹಾಗಾದರೆ ಇಷ್ಟು ಕಾಲ ನಾನು ಕಾದದ್ದೇನನ್ನು?"

"ಕೊಟ್ಟ ಮಾತನ್ನು. ಇನ್ನು ಮಲಗು," ಎಂದು ಬೇವು ಗೋಡೆಯಾಚೆ ಕೊಂಬೆ ಬಗ್ಗಿಸಿ, ಬೀಗದ ಮೇಲೆ ಹಿಡಿ ಹೂವು ಉದುರಿಸಿತು.