ಹದಿನೇಳನೆಯ ಹಂತ

ಶಿಷ್ಯೆ ಕೇಳಿದಳು: "ಗುರುಗಳೇ, ಪ್ರೋಗ್ರಾಮಿಂಗ್ ಭಾಷೆಗಳ ಸಮ್ಮೇಳನದವರು ನನಗೊಂದು ಪ್ರಬಂಧವನ್ನು ಪರಿಶೀಲನೆಗೆ ಕಳಿಸಿದ್ದಾರೆ. ಬರೆದವರ ಹೆಸರು ಅದರಲ್ಲಿಲ್ಲ. ನಾವೆಲ್ಲ ಪಾಠದಲ್ಲಿ ಓದಿದ ದೊಡ್ಡವರೊಬ್ಬರ ಪ್ರಮೇಯವೇ ತಪ್ಪು ಎಂದು ಅದು ವಾದಿಸುತ್ತದೆ. ನಾಳೆಯೊಳಗೆ ನಾನು ಅಭಿಪ್ರಾಯ ಬರೆದುಕೊಡಬೇಕು. ಯಾರನ್ನು ನಂಬಲಿ?"

ಗುರುಗಳು ಅವಳನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ವಿದ್ವಾಂಸನಿದ್ದ. ಇಂಥ ಕತೆಗಳಿಗೆ ಹೆಸರು ಬೇಕಾಗುವುದಿಲ್ಲ. ಇದಕ್ಕೆ ಬೇಕು. ಭುಜಂಗರಾಯ ಎಂದಿಟ್ಟುಕೊಳ್ಳೋಣ.

ಭುಜಂಗರಾಯ ಪ್ರಾಯದಲ್ಲಿ ಒಂದು ತಪಾಸಣೆಯ ನಿಯಮ ಕಂಡುಹಿಡಿದ. ಆ ನಿಯಮ ಒಪ್ಪಿದ ಪ್ರೋಗ್ರಾಮು ನಡೆಯುವಾಗ ನಡುವೆ ಕೆಡುವುದಿಲ್ಲ ಎಂಬುದು ಅವನ ಪ್ರಮೇಯ. ರುಜುವಾತು ನಲವತ್ತು ಹಂತದ್ದು. ಸಮ್ಮೇಳನ ಅದನ್ನು ಒಪ್ಪಿತು. ಪಠ್ಯಪುಸ್ತಕದವರು ಪ್ರಮೇಯವನ್ನು ತೆಗೆದುಕೊಂಡರು, ರುಜುವಾತನ್ನು ಬಿಟ್ಟರು. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರ ತಯಾರಿಸುವವರು ತಮ್ಮ ಪ್ರೋಗ್ರಾಮನ್ನು ಆ ನಿಯಮದಿಂದಲೇ ತಪಾಸಣೆ ಮಾಡತೊಡಗಿದರು.

ಒಂಬತ್ತು ವರ್ಷಗಳ ನಂತರ ಭುಜಂಗರಾಯ ತರಗತಿಯಲ್ಲಿ ಪಾಠ ಮಾಡಲೆಂದು ತನ್ನ ರುಜುವಾತನ್ನು ತಾನೇ ಓದಿದ. ಅಷ್ಟು ವರ್ಷಗಳಲ್ಲಿ ಅದನ್ನು ಪೂರ್ತಿ ಓದಿದ ಮೊದಲಿಗ ಅವನೇ ಇರಬೇಕು. ಹದಿನೇಳನೆಯ ಹಂತದಲ್ಲಿ ನಿಂತುಬಿಟ್ಟ. ಪ್ರೋಗ್ರಾಮಿಗೆ ಎದುರಾಗಬಹುದಾದ ಒಂದು ಸಂದರ್ಭ ಅಲ್ಲಿ ಬಿಟ್ಟುಹೋಗಿತ್ತು.

ಅವನು ಯಂತ್ರ ತಯಾರಿಸುವವರಿಗೆ ಕಾಗದ ಬರೆದ: ನನ್ನ ಪ್ರಮೇಯದಲ್ಲಿ ತಪ್ಪಿದೆ, ನಿಮ್ಮ ತಪಾಸಣೆಯನ್ನು ನಂಬಬೇಡಿ. ಅವರು ವಿನಯದಿಂದ ಉತ್ತರಿಸಿದರು. ಸಮ್ಮೇಳನ ಒಪ್ಪಿದ ಪ್ರಮೇಯ ಎಂದು ಅವರ ದಾಖಲೆಯಲ್ಲಿದೆ. ಅದನ್ನು ಬದಲಿಸಲು ಸಮ್ಮೇಳನ ಒಪ್ಪಿದ ಇನ್ನೊಂದು ಪ್ರಬಂಧ ಬೇಕು. ಒಬ್ಬ ವ್ಯಕ್ತಿಯ ಮಾತು, ಆ ವ್ಯಕ್ತಿ ಪ್ರಮೇಯ ಬರೆದವರೇ ಆದರೂ, ಸಾಲದು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯಂತ್ರಗಳು ಹನಿ ಬಿಡುತ್ತಲೇ ಇದ್ದವು.

ಭುಜಂಗರಾಯ ಪ್ರಬಂಧ ಬರೆಯಲು ಕೂತ. ತಪ್ಪು ಎಲ್ಲಿದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದಿಷ್ಟೇ ಅದರ ವಿಷಯ. ಆದರೆ ಸಮ್ಮೇಳನಕ್ಕೆ ಒಂದು ನಿಯಮವಿತ್ತು. ಬರೆದವರು ಯಾರೆಂದು ಪರಿಶೀಲಕರಿಗೆ ತಿಳಿಯಬಾರದು. ತಮ್ಮದೇ ಹಳೆಯ ಕೆಲಸದ ಬಗ್ಗೆ ಹೇಳುವುದಿದ್ದರೆ ಬೇರೆಯವರ ಕೆಲಸವೆಂಬಂತೆ ಹೇಳಬೇಕು. ಗುರುತು ಬಿಟ್ಟುಕೊಟ್ಟ ಪ್ರಬಂಧವನ್ನು ಓದದೆಯೇ ಹಿಂದಿರುಗಿಸಲಾಗುವುದು. ದೊಡ್ಡ ಹೆಸರು ನೋಡಿ ಮಣೆ ಹಾಕುವ ಚಾಳಿ ನಿಲ್ಲಲಿ ಎಂದು ತಂದ ನಿಯಮ. ಅದನ್ನು ತಂದ ಸಮಿತಿಯಲ್ಲಿ ಭುಜಂಗರಾಯನೂ ಇದ್ದ. ಕೈಯೆತ್ತಿ ಒಪ್ಪಿಗೆ ಕೊಟ್ಟಿದ್ದ.

ಅವನು ನಿಯಮವನ್ನು ಅಗತ್ಯಕ್ಕಿಂತ ಚೆನ್ನಾಗಿಯೇ ಪಾಲಿಸಿದ. ಯಾರಿಗೂ ಅನುಮಾನ ಬರಬಾರದೆಂದು, "ಭುಜಂಗರಾಯರು ಇಲ್ಲಿ ಅವಸರ ಮಾಡಿದ್ದಾರೆ" ಎಂದು ಬರೆದ. ಓದಿ ನೋಡಿದ. ಇನ್ನೂ ಮೆದುವಾಗಿಯೇ ಇದೆ ಅನ್ನಿಸಿ, "ಇದು ಅಜಾಗರೂಕತೆ" ಎಂದು ಸೇರಿಸಿದ. ಎರಡೂ ನಿಜವಾಗಿದ್ದವು.

ಪ್ರಬಂಧ ಮೂವರು ಪರಿಶೀಲಕರ ಕೈಗೆ ಹೋಯಿತು. ಒಬ್ಬರು, ಭಾಷೆ ಚೆನ್ನಾಗಿದೆ ಎಂದರು. ಮತ್ತೊಬ್ಬರು, ಇದು ತಮ್ಮ ಕ್ಷೇತ್ರವಲ್ಲ, ಆದರೂ ಬೇಡ ಎಂದರು. ಮೂರನೆಯವರು ಎರಡು ಪುಟ ಬರೆದರು. ಅವರು ಭುಜಂಗರಾಯನ ನಿಯಮವನ್ನು ಆಧರಿಸಿಯೇ ಡಾಕ್ಟರೇಟ್ ಪಡೆದವರು. ಅವರು ಹೇಳಿದ್ದು ಇದು: ಲೇಖಕರು ಮೂಲವನ್ನು ಸರಿಯಾಗಿ ಅರ್ಥಮಾಡಿಕೊಂಡಿಲ್ಲ. ಭುಜಂಗರಾಯರಂಥವರು ಈ ಸಂದರ್ಭವನ್ನು ಯೋಚಿಸಿಯೇ ಇರುತ್ತಾರೆ. ಅವರು ಅವಸರ ಮಾಡಿದರು ಎನ್ನಲು ಆಧಾರವೇನು? ಧಾಟಿಯೂ ಉದ್ಧಟವಾಗಿದೆ.

ಉತ್ತರ ಕೊಡಲು ಲೇಖಕರಿಗೆ ಮೂರು ದಿನ, ಐನೂರು ಪದ. ಗುರುತು ಮಾತ್ರ ಬಿಟ್ಟುಕೊಡಬಾರದು. ಆಧಾರ ಭುಜಂಗರಾಯನ ಬಳಿ ಇತ್ತು. ಅಂದು ಹದಿನೇಳನೆಯ ಹಂತ ಬರೆಯುವಾಗ ಪ್ರಬಂಧ ಸಲ್ಲಿಸಲು ಎರಡೇ ಗಂಟೆ ಉಳಿದಿತ್ತು. ಆ ಸಂದರ್ಭ ನೆನಪಿಗೇ ಬರಲಿಲ್ಲ. ಹಾಗೆಂದು ಬರೆದ. ಇದು ಭುಜಂಗರಾಯನಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ ಎಂದು ಹೊಳೆದು ಅಳಿಸಿದ. ಕೊನೆಗೆ, "ಹಂತವನ್ನು ದಯವಿಟ್ಟು ಇನ್ನೊಮ್ಮೆ ಓದಿ" ಎಂದಷ್ಟೇ ಕಳಿಸಿದ. ಐನೂರರಲ್ಲಿ ಅವನು ಬಳಸಿದ್ದು ನಾಲ್ಕು ಪದ.

ಪ್ರಬಂಧ ತಿರಸ್ಕೃತವಾಯಿತು.

ಅದರ ಮರುತಿಂಗಳು ಅದೇ ಸಮ್ಮೇಳನದಿಂದ ಅವನಿಗೆ ಇನ್ನೊಂದು ಕಾಗದ ಬಂತು, ಈ ಸಲ ಹೆಸರು ಹಾಕಿ. ಹತ್ತು ವರ್ಷ ಕಳೆದರೂ ಮಾಸದೆ ಉಳಿದ ಪ್ರಬಂಧಕ್ಕೆ ಅವರು ಪ್ರತಿ ಸಲ ಒಂದು ಗೌರವ ಕೊಡುತ್ತಾರೆ. ಈ ವರ್ಷ ಭುಜಂಗರಾಯರ ಪ್ರಮೇಯವನ್ನು ಆರಿಸಲಾಗಿದೆ. ಆಯ್ಕೆ ಅವಿರೋಧವಾಗಿತ್ತು.

ಅವನು ಹೋದ. ಸಭೆಗೆ ಮೊದಲು ಊಟ. ಪಕ್ಕದಲ್ಲಿ ಕಿರಿಯ ವಿದ್ವಾಂಸರೊಬ್ಬರು ಬಂದು ಕೂತರು. ಅನ್ನ ಕಲಸುತ್ತಾ ಪಿಸುಮಾತಿನಲ್ಲಿ ಹೇಳಿದರು:

"ಸರ್, ಹೇಳಬಾರದು, ಆದರೂ ಹೇಳ್ತೀನಿ. ಈ ಸಲ ಯಾರೋ ಒಬ್ಬ ನಿಮ್ಮ ಮೇಲೇ ಕೈಮಾಡಲು ಬಂದಿದ್ದ. ನಾನು ಬಿಡಲಿಲ್ಲ."

"ಅವನು ಹೇಳಿದ್ದು ಸರಿಯಿತ್ತೋ?"

"ಅದರಲ್ಲಿ ನೋಡೋಕೇನಿದೆ ಸರ್? ಭುಜಂಗರಾಯರು ಅಜಾಗರೂಕರಂತೆ! ಹಾಗನ್ನೋಕೆ ಅವನೇನು ನಿಮ್ಮನ್ನ ಹೆತ್ತವನೇ?"

"ಹೆತ್ತವನಲ್ಲ. ನಾನೇ."

ಆ ವಿದ್ವಾಂಸರ ಕೈ ತುತ್ತಿನ ಸಮೇತ ನಿಂತಿತು. ಮುಖ ಕೆಂಪಾಯಿತು, ನಂತರ ಬೆಳಗಿತು. "ಮೊದಲೇ ಹೇಳಬಾರದಿತ್ತೇ ಸರ್?" ಎಂದರು. ಹೇಳಿದ್ದರೆ ನಿಯಮ ಮುರಿದಂತಾಗುತ್ತಿತ್ತು ಎಂಬುದು ಆಮೇಲೆ ಅವರಿಗೇ ನೆನಪಾಯಿತು. "ಹೋಗಲಿ ಬಿಡಿ, ನೀವೇ ತಪ್ಪಿದೆ ಅಂದಮೇಲೆ ಮುಗೀತು. ತಪ್ಪಿದೆ."

ಭುಜಂಗರಾಯ ಹದಿನೇಳನೆಯ ಹಂತವನ್ನೂ ಅದರ ತಿದ್ದುಪಡಿಯನ್ನೂ ಬರೆದು ಮಡಚಿದ್ದ ಹಾಳೆಯೊಂದನ್ನು ಜೇಬಿನಿಂದ ತೆಗೆದು ಎಲೆಯ ಪಕ್ಕದಲ್ಲಿಟ್ಟ. "ಒಂದು ಸಲ ನೀವೇ ನೋಡಿ. ಅಂದು ತಪ್ಪಿದವನು ಇಂದೂ ತಪ್ಪಿರಬಹುದು."

"ಊಟದ ಹೊತ್ತಲ್ಲಿ ಯಾಕೆ ಸರ್," ಎಂದು ಅವರು ಹಾಳೆಯನ್ನು ಹಾಗೆಯೇ ಗೌರವದಿಂದ ಹಿಂದಕ್ಕೆ ಸರಿಸಿದರು. "ನಿಮ್ಮ ಮಾತಿಗಿಂತ ಹೆಚ್ಚೇ?" ಹಾಳೆಯ ಮೇಲೆ ಸಾರು ಬೀಳದಂತೆ ಎಚ್ಚರ ವಹಿಸಿದರು.

ಸಭೆಯಲ್ಲಿ ಭುಜಂಗರಾಯನಿಗೆ ಶಾಲು ಹೊದಿಸಿದರು. ಅವನು ಮೈಕಿನ ಮುಂದೆ ನಿಂತು, ನೀವು ಗೌರವಿಸುತ್ತಿರುವ ಪ್ರಮೇಯದ ಹದಿನೇಳನೆಯ ಹಂತ ತಪ್ಪು ಎಂದ. ಸರಿಪಡಿಸಿದ ನಿಯಮ ಇಲ್ಲಿದೆ, ಅದನ್ನೂ ಯಾರಾದರೂ ಪರೀಕ್ಷಿಸಬೇಕು ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ವಿನಯ ಈ ಕಾಲದಲ್ಲಿ ಅಪರೂಪ ಎಂದು ಅಧ್ಯಕ್ಷರು ಹೇಳಿದರು. ಅವನ ಮಾತನ್ನು ಸಮ್ಮೇಳನದ ನಡಾವಳಿಯಲ್ಲಿ ಸೇರಿಸಬೇಕೆಂದು ಅಲ್ಲೇ ಗೊತ್ತುವಳಿ ಆಯಿತು. ನಡಾವಳಿಯ ಪ್ರತಿ ತಲುಪಿದ ವಾರದಲ್ಲಿ ಯಂತ್ರ ತಯಾರಿಸುವವರು ಹಳೆಯ ನಿಯಮ ತೆಗೆದು ಹೊಸದನ್ನು ಹಾಕಿದರು. ಅವರಿಗೆ ಬೇಕಾಗಿದ್ದ ದಾಖಲೆ ಸಿಕ್ಕಿತ್ತು.

ಭುಜಂಗರಾಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದ. ಆಮೇಲೆ ಅವನು ಅದನ್ನು ಇನ್ನೂ ಮೂರು ಸಭೆಗಳಿಗೆ ಕೊಂಡೊಯ್ದ. ಎಲ್ಲರೂ ಅವನನ್ನು ನಂಬಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆಗೆ ಸಮಾಧಾನವಾದಂತೆ ಕಂಡಿತು. "ಅಂದರೆ ಹೆಸರಿಲ್ಲದವರ ಮಾತೇ ನಿಜವಾಗಿತ್ತು. ನಾನೂ ಈ ಪ್ರಬಂಧವನ್ನು ಒಪ್ಪಿ ಬರೆಯುತ್ತೇನೆ," ಎಂದಳು. ಏಳುತ್ತಾ ಕುತೂಹಲ ತಡೆಯಲಾರದೆ ಕೇಳಿದಳು: "ಗುರುಗಳೇ, ಎರಡು ಪುಟ ಬರೆದ ಆ ಪರಿಶೀಲಕರು ಯಾರು? ಈಗಲೂ ಸಮ್ಮೇಳನದಲ್ಲಿ ಇದ್ದಾರೆಯೇ?"

ಗುರುಗಳು ಹೇಳಿದರು: "ಬಿಟ್ಟುಹೋದ ಆ ಸಂದರ್ಭ ಯಾವುದು ಎಂದು ನೀನೂ ಕೇಳಲಿಲ್ಲ."