ಮಾಲಿ ಕತ್ತರಿಸಿದ ಹುಲ್ಲುಹಾಸು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಆಶ್ರಮಕ್ಕೆ ನಾನು ಕಟ್ಟಿದ ಕಲ್ಲುಗೋಡೆಯನ್ನು ನಿನ್ನೆ ಬಂದವರೆಲ್ಲ ಹೊಗಳಿದರು. ನನ್ನ ಎದೆ ಉಬ್ಬಿತು. ಮಾಡಿದ ಕೆಲಸಕ್ಕೆ ಹೆಮ್ಮೆ ಪಡುವುದು ತಪ್ಪೇ?"

ಗುರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆಯ ಮುಂದೆ ಒಂದು ಹುಲ್ಲುಹಾಸಿತ್ತು. ಅದನ್ನು ಬೆಳೆಸಿದವನು ಅವನ ಮಾಲಿ. ಹದಿನೆಂಟು ವರ್ಷ ಅದರ ಮೇಲೆ ಬಗ್ಗಿ ಬಗ್ಗಿ ಮಾಲಿಯ ಬೆನ್ನು ಬಾಗಿತ್ತು. ಆದರೆ ಆ ಪಟ್ಟಣದಲ್ಲಿ ಅಂಥ ಹುಲ್ಲು ಇನ್ನೊಂದಿರಲಿಲ್ಲ. ಅತಿಥಿಗಳು ಬಂದರೆ ವರ್ತಕ, "ನಮ್ಮ ಹುಲ್ಲು ನೋಡಿ" ಎನ್ನುತ್ತಿದ್ದ. ಮಾಲಿ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ತಾನು ಬೆಳೆಸಿದ್ದು ಎಂದು ಒಮ್ಮೆಯೂ ಹೇಳಿದವನಲ್ಲ.

ಆ ಮನೆಗೂ ಪಕ್ಕದ ಬೀದಿಗೂ ಒಂದೇ ಕೊಳವೆಬಾವಿ. ಒಂದು ಬೇಸಿಗೆ ನೀರು ತಳ ಮುಟ್ಟಿತು. ಮಾಲಿ ಬೆಳಗ್ಗೆ ಹುಲ್ಲಿಗೆ ನೀರು ಬಿಡುವಾಗ ಗೋಡೆಯ ಆಚೆ ಖಾಲಿ ಕೊಡಗಳ ಸದ್ದು ಕೇಳುತ್ತಿತ್ತು. ಬೀದಿಯವರು ವರ್ತಕನಿಗೆ ಹೆದರಿ ಸುಮ್ಮನಿದ್ದರು. ಎಂಟು ದಿನ ಮಾಲಿಯೂ ಸುಮ್ಮನಿದ್ದ. ಒಂಬತ್ತನೆಯ ದಿನ ಪೈಪು ಸುತ್ತಿಟ್ಟು ವರ್ತಕನ ಮುಂದೆ ಹೋಗಿ ನಿಂತ.

"ಧಣಿ, ಈ ಹುಲ್ಲು ಬೀದಿಯ ನೀರನ್ನೆಲ್ಲ ಕುಡಿಯುತ್ತಿದೆ. ಕಿತ್ತುಹಾಕೋಣ. ಪ್ಲಾಸ್ಟಿಕ್ ಹುಲ್ಲು ಹಾಸೋಣ. ವರ್ಷವಿಡೀ ಹಸಿರಾಗಿರುತ್ತದೆ."

"ಅದಕ್ಕೆ ನೀರೂ ಬೇಡ, ನೀನೂ ಬೇಡ. ಗೊತ್ತಿದೆಯೇ ನಿನಗೆ?"

"ಗೊತ್ತಿದೆ," ಎಂದ ಮಾಲಿ.

ವರ್ತಕ ಒಪ್ಪಿದ. ಕುಂಡಗಳಿಗೆ ನೀರು ಹಾಕಿ ದೂಳು ಗುಡಿಸಲು ಮಾಲಿಯನ್ನೇ ಇಟ್ಟುಕೊಂಡ. ತಾನು ಬೆಳೆಸಿದ ಹುಲ್ಲನ್ನು ಮಾಲಿ ಮೂರು ದಿನ ಕೂತು ತಾನೇ ಕಿತ್ತ. ಬೇರೆಯವರನ್ನು ಕೈ ಹಾಕಲು ಬಿಡಲಿಲ್ಲ. ಪ್ಲಾಸ್ಟಿಕ್ ಹುಲ್ಲನ್ನೂ ತಾನೇ ಹಾಸಿದ. ಎಲ್ಲಿ ಜೋಡಿಸಿದ್ದಾನೆಂದು ಹುಡುಕಿದರೂ ಕಾಣದಂತೆ ಹಾಸಿದ. ಗೋಡೆಯ ಆಚೆ ಕೊಡಗಳು ತುಂಬತೊಡಗಿದವು. ಅತಿಥಿಗಳು ಮೊದಲಿಗಿಂತ ಹೆಚ್ಚು ಹೊಗಳಿದರು.

ಆದರೆ ಹಕ್ಕಿಗಳಿಗೆ ಇದು ತಿಳಿದಿರಲಿಲ್ಲ. ಗೊರವಂಕಗಳು ಎಂದಿನಂತೆ ಬಂದಿಳಿದವು, ಎಂದಿನಂತೆ ನಡೆದಾಡಿದವು, ಹುಲ್ಲಿಗೆ ಕೊಕ್ಕು ಹಾಕಿದವು. ಏನೂ ಸಿಗಲಿಲ್ಲ. ತಲೆ ಎತ್ತಿ ನೋಡಿ ಮತ್ತೆ ಹಾಕಿದವು. ಮಾಲಿ ಗುಡಿಸುವುದನ್ನು ನಿಲ್ಲಿಸಿ ನೋಡಿದ. ಮನುಷ್ಯರನ್ನು ಮೆಚ್ಚಿಸಿದ ತನ್ನ ಕೈ ಹಕ್ಕಿಗಳಿಗೆ ಸುಳ್ಳು ಹೇಳಿತ್ತು.

ಅವನು ತೆಂಗಿನ ಚಿಪ್ಪುಗಳಿಗೆ ದಾರ ಕಟ್ಟಿ ನುಚ್ಚು, ನವಣೆ ತುಂಬಿ ತೂಗುಹಾಕಿದ. ಎರಡು ದಿನ ಯಾವ ಹಕ್ಕಿಯೂ ಬರಲಿಲ್ಲ. ಮೂರನೆಯ ದಿನ ಗುಬ್ಬಿಗಳು ಬಂದವು, ಆಮೇಲೆ ಗಿಳಿಗಳು. ವರ್ತಕನ ಹೆಂಡತಿ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡಳು. ಆದರೂ ಒಂದು ಹೆಣ್ಣು ಗೊರವಂಕ ಕಾಳಿನ ಕಡೆ ತಿರುಗದೆ ಪ್ಲಾಸ್ಟಿಕ್ ಹುಲ್ಲನ್ನೇ ಕುಕ್ಕುತ್ತಿತ್ತು. ಸೂರಿನ ಸಂದಿನಲ್ಲಿ ಅದರ ಮರಿಗಳಿದ್ದವು. ಮರಿಗಳಿಗೆ ಹುಳ ಬೇಕಿತ್ತು.

ವರ್ತಕ ಆಗ ಪರವೂರಿಗೆ ಹೋಗಿದ್ದ. ಮಾಲಿ ಯಾರನ್ನೂ ಕೇಳಲಿಲ್ಲ. ಕತ್ತಿ ತಂದು ಗೋಡೆಯುದ್ದಕ್ಕೂ ಎರಡು ಮೊಳ ಅಗಲ ಹುಲ್ಲುಹಾಸನ್ನು ಕತ್ತರಿಸಿ ತೆಗೆದ. ಒಳಗಿನ ಮಣ್ಣನ್ನು ಸಡಿಲಿಸಿ ತರಗೆಲೆ ಹರಡಿದ. ಪಾತ್ರೆ ತೊಳೆದ ನೀರನ್ನು ಅಲ್ಲಿಗೆ ಹರಿಯಬಿಟ್ಟ. ಮಣ್ಣು ತಣಿಯಿತು, ಹುಳಗಳು ಮೇಲೆ ಬಂದವು. ಗೊರವಂಕ ಅಲ್ಲಿ ಇಳಿಯಿತು.

ವರ್ತಕ ಇಬ್ಬರು ಅತಿಥಿಗಳೊಂದಿಗೆ ಹಿಂದಿರುಗಿದ. ಅವರಲ್ಲೊಬ್ಬ ಗೋಡೆಯ ಕಡೆ ನೋಡಿ ನಕ್ಕುಬಿಟ್ಟ.

"ಇಷ್ಟು ಚೆಂದದ ರತ್ನಗಂಬಳಿಯನ್ನು ಇಲಿ ಕಡಿದಿದೆಯಲ್ಲ! ಯಾರು ಮಾಡಿದ್ದು ಇದನ್ನು?"

ವರ್ತಕನ ಮುಖ ಕಪ್ಪಿಟ್ಟಿತು. ಹದಿನೆಂಟು ವರ್ಷ ದೂರದಲ್ಲೇ ನಿಂತಿದ್ದ ಮಾಲಿ ಮುಂದೆ ಬಂದ. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿದ.

"ನಾನು," ಎಂದ. "ನಾನೇ ಮಾಡಿದ್ದು."

"ನಾಳೆಯೇ ಮುಚ್ಚು ಅದನ್ನು," ಎಂದ ವರ್ತಕ.

"ಮುಚ್ಚುವುದಾದರೆ ಬೇರೆಯವರನ್ನು ಕರೆಸಿ, ಧಣಿ. ನಾನು ಮಾಡಿದ ಕೆಲಸಗಳಲ್ಲಿ ಇದೇ ಒಳ್ಳೆಯದು. ನನ್ನ ಕೈ ಇದನ್ನು ಮುಚ್ಚುವುದಿಲ್ಲ."

ವರ್ತಕ ಬೇರೆಯವರನ್ನು ಕರೆಸಲಿಲ್ಲ. ಒಂದು ತಿಂಗಳು ಮಾಲಿಯೊಂದಿಗೆ ಮಾತನ್ನೂ ಆಡಲಿಲ್ಲ. ಅಷ್ಟರಲ್ಲಿ ಮರಿಗಳು ರೆಕ್ಕೆ ಬಲಿತು ಹಾರಿಹೋದವು. ಆ ಮಣ್ಣಿನ ಪಟ್ಟಿ ಹಾಗೆಯೇ ಉಳಿಯಿತು. ಬಂದ ಅತಿಥಿಗಳಲ್ಲಿ ಯಾರಾದರೊಬ್ಬರು ಅದನ್ನು ನೋಡಿ ನಗುತ್ತಲೇ ಇದ್ದರು. ಯಾರು ಮಾಡಿದ್ದೆಂದು ಕೇಳಿದಾಗಲೆಲ್ಲ ಮಾಲಿ, ಸಾಯುವವರೆಗೂ, ಅದೇ ದನಿಯಲ್ಲಿ "ನಾನು" ಎನ್ನುತ್ತಿದ್ದ.

ಗುರು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು.

"ಹಾಗಾದರೆ ನನ್ನ ಹೆಮ್ಮೆಯನ್ನು ನಾನು ಇಟ್ಟುಕೊಳ್ಳಬಹುದೇ, ಗುರುಗಳೇ?"

"ನಗುವವರ ಎದುರಿಗೂ ಉಳಿಯುವುದಾದರೆ ಇಟ್ಟುಕೋ," ಎಂದರು ಗುರು.